ಸ್ಕೈರಿಮ್ ಕಥಾಲೋಕದ ಘಟಸರ್ಪಗಳು: ಮಾತು ಮತ್ತು ಮರ್ತ್ಯತೆ

೧

ವಿಡಿಯೊ ಆಟವೊಂದರ ಕಥಾವಸ್ತುವನ್ನು ಸಾಹಿತ್ಯವಿಮರ್ಶೆಯ ಎಲ್ಲೆಯೊಳಕ್ಕೆ ತರುವುದು ಉಚಿತವೆ ಎಂಬ ಪ್ರಶ್ನೆ ಮೊದಲಲ್ಲಿಯೇ ಏಳುವುದು ಸಹಜ. ಆಟ ಕಾಲಹರಣದ ಸಾಧನ, ಕಾವ್ಯ ಸಂಸ್ಕಾರದ ಸಾಧನ ಎಂಬ ಭಾವನೆ ನಮ್ಮಲ್ಲಿ ಬಲವಾಗಿದೆ. ಆದರೆ ಕಣ್ಣಿಗೂ ಕಿವಿಗೂ ಒದಗುವ ಆಟದ ವಸ್ತುವೊಂದು ತಮಗೆ ಬೇಕೆಂದು ದೇವತೆಗಳು ಬ್ರಹ್ಮನನ್ನು ಬೇಡಿದರೆಂದೂ ಅದರಿಂದಲೇ ನಾಟ್ಯ ಹುಟ್ಟಿತೆಂದೂ ಭರತನ ನಾಟ್ಯಶಾಸ್ತ್ರದ ಮೊದಲನೆಯ ಅಧ್ಯಾಯ ಹೇಳುತ್ತದೆ. ಆಟದ ವಸ್ತುವೆಂಬ ಕಾರಣಕ್ಕೆ ನಾಟಕವನ್ನು ಯಾರೂ ವಿಮರ್ಶೆಯಿಂದ ಹೊರಗಿಡಲಿಲ್ಲ. ಕಥೆ ಗಂಭೀರವಾದ ಪ್ರಶ್ನೆಯೊಂದನ್ನು ಎತ್ತಿದೆಯೆ, ಎತ್ತಿದುದನ್ನು ಕೊನೆಮುಟ್ಟಿಸಿದೆಯೆ ಎಂಬುದೇ ವಿಮರ್ಶಕನಿಗೆ ಮುಖ್ಯವಾಗಬೇಕಾದ ಸಂಗತಿ.

ಪ್ರಸ್ತುತ ಲೇಖನಕ್ಕೆ ಆಯ್ದುಕೊಂಡಿರುವುದು ಅಮೆರಿಕದ ಬೆಥೆಸ್ಡಾ ಗೇಮ್ ಸ್ಟುಡಿಯೋಸ್ ಸಂಸ್ಥೆ ೨೦೧೧ರ ನವೆಂಬರ್ ೧೧ರಂದು ಹೊರತಂದ 'ಸ್ಕೈರಿಮ್'. ೧೯೯೪ರಲ್ಲಿ 'ಅರೀನಾ'ದಿಂದ ಮೊದಲಾದ 'ದಿ ಎಲ್ಡರ್ ಸ್ಕ್ರೋಲ್ಸ್' ಎಂಬ ಮಾಲೆಯಲ್ಲಿ ಇದು ಐದನೆಯದು. ಇದರ ನಿರ್ದೇಶಕರು ಟಾಡ್ ಹೊವಾರ್ಡ್. ಟಾಮ್ರಿಯೆಲ್ ಎಂಬ ಕಲ್ಪಿತ ಭೂಖಂಡದ ಉತ್ತರದಲ್ಲಿರುವ ಹಿಮಮಯವಾದ ನಾಡು ಸ್ಕೈರಿಮ್. ಅಲ್ಲಿಯ ಮೂಲ ಜನ ನಾರ್ಡರು. ಬಹುಕಾಲದ ಹಿಂದೆ ಅಳಿದುಹೋದುವೆಂದು ನಂಬಲಾಗಿದ್ದ ಡ್ರ್ಯಾಗನ್‌ಗಳು ಆ ನಾಡಿಗೆ ಮರಳಿ ಬರುವುದು ಕಥೆಯ ಬೀಜ. ಈ ಕಥೆ ಒಂದೇ ಓಟದಲ್ಲಿ ನಿರೂಪಿತವಾಗಿಲ್ಲ. ಪಾತ್ರಗಳ ಸಂಭಾಷಣೆಯಲ್ಲಿ, ಆಟದೊಳಗೆ ದೊರೆಯುವ ಸಣ್ಣ ಸಣ್ಣ ಗ್ರಂಥಗಳಲ್ಲಿ, ಗೋಡೆಗಳ ಶಾಸನಗಳಲ್ಲಿ, ಹಾಳುಬಿದ್ದ ಗುಡಿಗಳಲ್ಲಿ ಅದು ಚೆದುರಿದೆ. ಆಟಗಾರ ಅದನ್ನು ಹೆಕ್ಕಿ ಕೂಡಿಸಿಕೊಳ್ಳಬೇಕು. ಇದರಲ್ಲಿ ಪುರಾಣವನ್ನು ಓದುವವನ ಕೆಲಸವೂ ಶಾಸನವನ್ನು ಓದುವವನ ಕೆಲಸವೂ ಬೆರೆತಿವೆ.

ಪರಿಭಾಷೆಯ ವಿಷಯದಲ್ಲಿ ಒಂದು ಮಾತು. ಬೈಬಲಿನ ಕನ್ನಡ ಅನುವಾದಕಾರರು ಡ್ರ್ಯಾಗನ್ ಎಂಬುದಕ್ಕೆ 'ಘಟಸರ್ಪ' ಎಂಬ ಪದವನ್ನು ಬಳಸಿದರು. ಅದು ರೂಢಿಯಲ್ಲಿ ನಿಂತಿದೆ. ಈ ಪದಕ್ಕೆ ನಮ್ಮಲ್ಲಿ ಅದಕ್ಕಿಂತ ಹಳೆಯದಾದ ಇನ್ನೊಂದು ಅರ್ಥವಿದೆ. ತನ್ನ ಮಾತು ನಿಜವೆಂದು ತೋರಿಸಬೇಕಾದವನು ಹಾವನ್ನಿಟ್ಟ ಗಡಿಗೆಯೊಳಕ್ಕೆ ಕೈಯಿಡುವ ದಿವ್ಯಪರೀಕ್ಷೆಗೆ ಸಂಬಂಧಪಟ್ಟ ಸರ್ಪವೇ ಘಟಸರ್ಪ. ಅನುವಾದಕಾರರು ಈ ಅರ್ಥವನ್ನು ಉದ್ದೇಶಿಸಿದರೆಂದು ಹೇಳಬೇಕಾಗಿಲ್ಲ. ಆದರೆ ಸ್ಕೈರಿಮ್ಮಿನ ಡ್ರ್ಯಾಗನ್‌ಗಳಿಗೆ ಈ ಪದ ಆಶ್ಚರ್ಯವೆನಿಸುವಷ್ಟು ಒಪ್ಪುತ್ತದೆ. ಅಲ್ಲಿಯೂ ಸರ್ಪದ ಎದುರಿನಲ್ಲಿ ಪರೀಕ್ಷೆಗೆ ಒಳಗಾಗುವುದು ಮಾತೇ.

ಈ ಕಥಾಲೋಕದ ಘಟಸರ್ಪ ಮಾತಿನಿಂದಲೇ ಆದ ಜೀವಿ. ಅದರ ಬಲವೂ ಮಾತು, ಅದರ ಮಿತಿಯೂ ಒಂದು ಮಾತು. ಈ ಕಲ್ಪನೆಯಲ್ಲಿ ಕೃತಿಯ ಹಿರಿಮೆಯಿದೆ. ಆದರೆ ಇಷ್ಟು ದೂರ ನಡೆದ ಕೃತಿ ತನ್ನ ನಾಯಕನಿಗೆ ಮಾತನ್ನು ಕೊಡಬೇಕಾದ ಘಟ್ಟದಲ್ಲಿ ಕೊಡಲಿಲ್ಲ. ಈ ಎರಡು ಅಂಶಗಳನ್ನು ಪ್ರತಿಪಾದಿಸುವುದು ಇಲ್ಲಿಯ ಉದ್ದೇಶ.

೨

ಯೂರೋಪಿನ ಪರಂಪರೆಯಲ್ಲಿ ಘಟಸರ್ಪದ ಮುಖ್ಯ ಲಕ್ಷಣ ನಿಧಿಯನ್ನು ಕಾಯುವುದು. ಹಳೆಯ ಇಂಗ್ಲಿಷಿನ 'ಬೇವುಲ್ಫ್' ಕಾವ್ಯದ ಸರ್ಪ ತನ್ನ ನಿಧಿಯಿಂದ ಒಂದು ಬಟ್ಟಲು ಕಳುವಾದುದಕ್ಕಾಗಿ ನಾಡನ್ನು ಸುಡುತ್ತದೆ, ಅದು ಮಾತನಾಡುವುದಿಲ್ಲ. ಇಂತಹ ಭೀಕರ ಜೀವಿಗಳು ಕಾವ್ಯದ ಅಂಚಿನಲ್ಲಿರುವ ಅಲಂಕಾರಗಳಲ್ಲ, ಅದರ ಹೃದಯದಲ್ಲಿಯೇ ಇರುವಂಥವು ಎಂದು ಟೋಲ್ಕಿನ್ ೧೯೩೬ರ ತಮ್ಮ ಪ್ರಸಿದ್ಧ ಉಪನ್ಯಾಸದಲ್ಲಿ ವಾದಿಸಿದರು. ಉತ್ತರ ಯೂರೋಪಿನ ಎಡ್ಡಾ ಗೀತಗಳಲ್ಲಿಯೂ ವೋಲ್ಸುಂಗರ ಕಥೆಯಲ್ಲಿಯೂ ಬರುವ ಫಾಫ್ನಿರ್ ಮಾತನಾಡಬಲ್ಲ ಸರ್ಪ. ಸಾಯುವ ಹೊತ್ತಿನಲ್ಲಿ ಅವನು ತನ್ನನ್ನು ಇರಿದ ಸಿಗುರ್ದನೊಡನೆ ದೀರ್ಘವಾಗಿ ಸಂವಾದಿಸುತ್ತಾನೆ. ತರುವಾಯ ಆ ಸರ್ಪದ ಹೃದಯದ ರಕ್ತ ನಾಲಗೆಗೆ ತಾಕಿದೊಡನೆ ಸಿಗುರ್ದನಿಗೆ ಹಕ್ಕಿಗಳ ನುಡಿ ತಿಳಿಯುತ್ತದೆ. ಸರ್ಪವನ್ನು ಕೊಂದವನಿಗೆ ಭಾಷೆ ಲಭಿಸುತ್ತದೆ ಎಂಬ ಆಶಯ ಇಷ್ಟು ಹಳೆಯದು.

ಇಪ್ಪತ್ತನೆಯ ಶತಮಾನದಲ್ಲಿ ಈ ಎಳೆ ಮತ್ತೆ ಬಲಗೊಂಡಿತು. ಟೋಲ್ಕಿನ್ನರ 'ಹಾಬಿಟ್' (೧೯೩೭) ಕಥೆಯ ಸ್ಮಾಗ್ ಮಾತಿನ ಮೋಡಿಯಿಂದ ಕೇಳುವವನನ್ನು ಕಟ್ಟಿಹಾಕಬಲ್ಲವನು. ಅರ್ಸುಲಾ ಲೆ ಗ್ವಿನ್ನರ 'ಎ ವಿಜ಼ರ್ಡ್ ಆಫ್ ಅರ್ತ್‌ಸೀ' (೧೯೬೮) ಎಂಬ ಕಾದಂಬರಿಯಲ್ಲಿ ಘಟಸರ್ಪಗಳ ನುಡಿ ಜಗತ್ತಿನ ಆದಿನುಡಿ. ಅದರ ನಿಜನಾಮವನ್ನು ಬಲ್ಲವನು ಸರ್ಪವನ್ನು ತಡೆಯಬಲ್ಲ. ಸ್ಕೈರಿಮ್ ಈ ಎರಡು ಪ್ರವಾಹಗಳೂ ಕೂಡುವ ಸ್ಥಳದಲ್ಲಿ ನಿಂತಿದೆ. ಇಲ್ಲಿಯ ಘಟಸರ್ಪಗಳ ನೆಲೆಗಳಲ್ಲಿ ಹಲವೆಡೆ ಎದ್ದು ಕಾಣುವುದು ಬಂಗಾರದ ರಾಶಿಯಲ್ಲ, ಅಕ್ಷರ ಕೊರೆದ ಗೋಡೆ. ನಿಧಿಯ ಸ್ಥಾನಕ್ಕೆ ಮಾತು ಬಂದಿದೆ.

ಈ ಮಾಲೆಯ ಹಿಂದಿನ ಆಟಗಳಲ್ಲಿ ಘಟಸರ್ಪ ವಿರಳ. ೧೯೯೮ರ 'ರೆಡ್‌ಗಾರ್ಡ್'ನಲ್ಲಿ ಸಾಮ್ರಾಜ್ಯದ ಸೇವೆಯಲ್ಲಿರುವ ಒಂದು ಸರ್ಪ ಕಾಣಿಸಿಕೊಳ್ಳುತ್ತದೆ. ೨೦೦೬ರ 'ಒಬ್ಲಿವಿಯನ್'ನ ಕೊನೆಯಲ್ಲಿ ರಾಜಕುಮಾರ ಮಾರ್ಟಿನ್ ಆಕಾಟೋಷ್ ದೇವತೆಯ ಸರ್ಪರೂಪವನ್ನು ತಾಳುತ್ತಾನೆ. ಆಕಾಟೋಷ್ ಕಾಲದ ಅಧಿದೇವತೆ. ಘಟಸರ್ಪಗಳೆಲ್ಲ ಅವನ ಮಕ್ಕಳು. ಅವು ಮೊಟ್ಟೆಯಿಟ್ಟು ಮರಿಮಾಡಿದುದನ್ನು ಕಂಡವರಿಲ್ಲವೆಂದು ಆಟದೊಳಗಿನ ಗ್ರಂಥವೊಂದು ಹೇಳುತ್ತದೆ. ಹುಟ್ಟು ಬೆಳವಣಿಗೆಗಳಿಲ್ಲದೆ ಎಂದಿನಿಂದಲೂ ಇರುವಂಥವು ಅವು. ಕಾಲದ ಮಕ್ಕಳಾಗಿದ್ದೂ ಕಾಲಕ್ಕೆ ಒಳಗಾಗದ ಜೀವಿಗಳು ಎಂಬ ಈ ವಿರೋಧಾಭಾಸವನ್ನು ಓದುಗರು ನೆನಪಿನಲ್ಲಿಡಬೇಕು. ಮುಂದಿನ ವಿಚಾರವೆಲ್ಲ ಇದರಿಂದಲೇ ಹೊರಡುತ್ತದೆ.

೩

ಘಟಸರ್ಪಗಳಿಗಾಗಿ ಒಂದು ಭಾಷೆಯನ್ನೇ ನಿರ್ಮಿಸಿದುದು ಈ ಕೃತಿಯ ವಿಶೇಷ. ಭಾಷೆಯನ್ನು ರೂಪಿಸಿದವರು ವಿನ್ಯಾಸಕಾರರೂ ಬರಹಗಾರರೂ ಆದ ಎಮಿಲ್ ಪಾಗ್ಲಿಯರೂಲೊ. ಲಿಪಿಯನ್ನು ರೂಪಿಸಿದವರು ೨೦೧೨ರಲ್ಲಿ ತೀರಿಕೊಂಡ ಚಿತ್ರಕಾರ ಆಡಂ ಆಡಮೊವಿಚ್. ಸರ್ಪ ತನ್ನ ಉಗುರುಗಳಿಂದ ಕಲ್ಲನ್ನು ಗೀರಿದರೆ ಎಂತಹ ರೇಖೆಗಳು ಮೂಡಬಹುದೋ ಅಂತಹ ರೇಖೆಗಳೇ ಇಲ್ಲಿಯ ಅಕ್ಷರಗಳು. ಬರೆಯುವವನ ಅಂಗರಚನೆಯಿಂದ ಲಿಪಿ ಹುಟ್ಟಬೇಕೆಂಬ ಈ ವಿವೇಕ ಮೆಚ್ಚತಕ್ಕದ್ದು.

ಭಾಷೆಯ ರಚನೆಯಲ್ಲಿ ಮೂರು ಅಂಶಗಳು ಗಮನಾರ್ಹವಾಗಿವೆ. ಮೊದಲನೆಯದು ನಾಮಕರಣ. ಸರ್ಪಗಳ ಹೆಸರು ಸಾಮಾನ್ಯವಾಗಿ ಮೂರು ಪದಗಳ ಸಮಾಸ. 'ಆಲ್ಡುಯಿನ್' ಎಂದರೆ ನಾಶಕ, ಕಬಳಿಸು, ಒಡೆಯ. 'ಪಾರ್ಥುರ್ನಾಕ್ಸ್' ಎಂದರೆ ಮಹತ್ತ್ವಾಕಾಂಕ್ಷೆ, ಅಧಿಪತಿ, ಕ್ರೌರ್ಯ. 'ಓದಾವೀಂಗ್' ಎಂದರೆ ಹಿಮ, ಬೇಟೆಗಾರ, ರೆಕ್ಕೆ. ನಮ್ಮಲ್ಲಿ ಅಂಕಿತನಾಮವೂ ಅನ್ವರ್ಥನಾಮವೂ ಬೇರೆಬೇರೆ. ಅಲ್ಲಿ ಎಲ್ಲ ಅಂಕಿತವೂ ಅನ್ವರ್ಥವೇ. ಅಷ್ಟೇ ಅಲ್ಲ, ಹೆಸರನ್ನು ಬಲದಿಂದ ಕೂಗಿದರೆ ಅದು ಸವಾಲಾಗುತ್ತದೆ. ಆಟಗಾರ ಓದಾವೀಂಗನ ಹೆಸರನ್ನು ಕೂಗಿಯೇ ಅವನನ್ನು ವೈಟ್‌ರನ್ ಪಟ್ಟಣದ ಅರಮನೆಗೆ ಬರಮಾಡಿಕೊಂಡು ಸೆರೆಹಿಡಿಯುತ್ತಾನೆ.

ಎರಡನೆಯದು ಮಾತಿಗೂ ಕ್ರಿಯೆಗೂ ಅಂತರವಿಲ್ಲದಿರುವುದು. ಘಟಸರ್ಪ ಬೆಂಕಿಯನ್ನು ಉಗುಳುತ್ತದೆಂದು ಹಳೆಯ ಕಥೆಗಳು ಹೇಳುತ್ತವೆ. ಇಲ್ಲಿ ಅದು ಬೆಂಕಿಯನ್ನು ನುಡಿಯುತ್ತದೆ. 'ಯೋಲ್, ತೂರ್, ಶೂಲ್' ಎಂಬ ಮೂರು ಪದಗಳನ್ನು ಉಚ್ಚರಿಸಿದರೆ ಜ್ವಾಲೆಯಾಗುತ್ತದೆ. ಈ ಬಗೆಯ ಉಚ್ಚಾರಕ್ಕೆ 'ಥೂಮ್' ಎಂದು ಹೆಸರು. ಆದುದರಿಂದ ಎರಡು ಸರ್ಪಗಳ ಕಾದಾಟವೆಂದರೆ ಒಂದು ವಾದವೇ. ಅವುಗಳಿಗೆ ಜಗಳಕ್ಕೂ ಚರ್ಚೆಗೂ ಭೇದವಿಲ್ಲವೆಂದು ಈ ಕಥಾಲೋಕದ ನಂಬಿಕೆ. ಇದೇ ವಿದ್ಯೆಯನ್ನು ಕಲಿತ ಮನುಷ್ಯನಿಗೂ ಇದರ ಅಪಾಯ ತಪ್ಪಿದ್ದಲ್ಲ. ದಂಗೆಯ ನಾಯಕನಾದ ಉಲ್ಫ್ರಿಕ್ ಸ್ಕೈರಿಮ್ಮಿನ ಮಹಾರಾಜನನ್ನು ಕೊಂದ ದ್ವಂದ್ವಯುದ್ಧದಲ್ಲಿ ಮೊದಲು ಪ್ರಯೋಗಿಸಿದುದು ಈ ಮಾತನ್ನೇ.

ಮೂರನೆಯದು ವ್ಯಾಕರಣ. ಈ ಭಾಷೆಯ ಕ್ರಿಯಾಪದಗಳಿಗೆ ಸಾಮಾನ್ಯವಾಗಿ ಕಾಲಸೂಚಕವಾದ ರೂಪಭೇದವಿಲ್ಲ. ಭೂತವೊ ಭವಿಷ್ಯತ್ತೊ ಎಂಬುದನ್ನು ಸಂದರ್ಭದಿಂದ ಊಹಿಸಿಕೊಳ್ಳಬೇಕು. ಧಾತುವಿಗೂ ಆಖ್ಯಾತ ಪ್ರತ್ಯಯಕ್ಕೂ ನಡುವೆ ಕಾಲಪ್ರತ್ಯಯವನ್ನಿಟ್ಟು 'ಮಾಡಿದನು', 'ಮಾಡುವನು' ಎಂದು ವಿಂಗಡಿಸುವ ಕನ್ನಡಿಗನಿಗೆ ಇದರ ವೈಲಕ್ಷಣ್ಯ ಒಡನೆ ತಿಳಿಯುತ್ತದೆ. ಸಾವಿಲ್ಲದವನಿಗೆ ನಿನ್ನೆ ನಾಳೆಗಳ ಭೇದದಿಂದ ಪ್ರಯೋಜನವೇನು? ಜೀವಿಯ ಸ್ವರೂಪ ಅದರ ವ್ಯಾಕರಣದಲ್ಲಿಯೇ ಮೂಡಿರುವುದು ಕಲ್ಪನೆಯ ಅಚ್ಚುಕಟ್ಟಿಗೆ ಸಾಕ್ಷಿ.

೪

ಇಂತಹ ಜೀವಿಯನ್ನು ಸೋಲಿಸುವುದು ಹೇಗೆ? ಪೂರ್ವಕಾಲದಲ್ಲಿ ಘಟಸರ್ಪಗಳು ಮನುಷ್ಯರನ್ನು ಆಳಿದುವು. ಅವುಗಳ ಪುರೋಹಿತರು ಅವುಗಳ ಹೆಸರಿನಲ್ಲಿ ದಬ್ಬಾಳಿಕೆ ನಡೆಸಿದರು. ಮನುಷ್ಯರು ದಂಗೆಯೆದ್ದಾಗ ಅವರಿಗೆ ಥೂಮ್ ವಿದ್ಯೆಯನ್ನು ಕಲಿಸಿದವನು ಆಲ್ಡುಯಿನನ ಕಡೆಯಿಂದ ಸಿಡಿದುಬಂದ ಪಾರ್ಥುರ್ನಾಕ್ಸ್. ಆ ವಿದ್ಯೆಯಿಂದ ಮನುಷ್ಯರು ತಾವೇ ಒಂದು ಹೊಸ ಉಚ್ಚಾರವನ್ನು ನಿರ್ಮಿಸಿದರು. ಅದರ ಮೂರು ಪದಗಳು 'ಜೂರ್, ಜ಼ಾ, ಫ್ರುಲ್'. ಅರ್ಥ, ಮರ್ತ್ಯ, ಸಾಂತ, ಕ್ಷಣಿಕ. ಡ್ರ್ಯಾಗನ್‌ರೆಂಡ್ ಎಂಬ ಈ ಉಚ್ಚಾರ ತಾಕಿದ ಸರ್ಪ ಹಾರಲಾರದೆ ನೆಲಕ್ಕಿಳಿಯುತ್ತದೆ. ಮರ್ತ್ಯತೆಯೆಂಬ ಅನುಭವವನ್ನು ಅದು ಬಲವಂತವಾಗಿ ಉಣ್ಣಬೇಕಾಗುತ್ತದೆ. ಆ ಭಾರವನ್ನು ಅದರ ರೆಕ್ಕೆ ಹೊರಲಾರದು.

ಇಲ್ಲೊಂದು ಸೂಕ್ಷ್ಮವಿದೆ. ಘಟಸರ್ಪಗಳಿಗೆ 'ಜೂರ್' ಎಂಬ ಪದ ಗೊತ್ತಿಲ್ಲವೆಂದಲ್ಲ. ಮನುಷ್ಯರನ್ನು ಅವು ಆ ಹೆಸರಿನಿಂದಲೇ ಕರೆಯುತ್ತವೆ. ಆದರೂ ಈ ಉಚ್ಚಾರವನ್ನು ತಾನು ಕಲಿಸಲಾರೆನೆಂದು ಪಾರ್ಥುರ್ನಾಕ್ಸ್ ಹೇಳುತ್ತಾನೆ, ಏಕೆಂದರೆ ಅದರ ಭಾವವನ್ನು ಸರ್ಪದ ಮನಸ್ಸು ಗ್ರಹಿಸಲಾರದು. ಪದ ಇದೆ, ಅರ್ಥ ಒಳಗಿಳಿದಿಲ್ಲ. 'ಸಾಯುವವರು' ಎಂದು ಇತರರಿಗೆ ಹೆಸರಿಡುವುದು ಬೇರೆ, 'ನಾನು ಸಾಯುವವನು' ಎಂದು ಅರಿಯುವುದು ಬೇರೆ. ಕೋಶದ ಅರ್ಥಕ್ಕೂ ಅನುಭವದ ಅರ್ಥಕ್ಕೂ ಇರುವ ಅಂತರವನ್ನು ಇಷ್ಟು ಮೂರ್ತವಾಗಿ ಕಥೆಯ ಯಂತ್ರಕ್ಕೆ ಅಳವಡಿಸಿದ ಕೃತಿಗಳು ಹೆಚ್ಚಿಲ್ಲ.

ಆದರೆ ಕೃತಿ ಇಷ್ಟಕ್ಕೆ ನಿಲ್ಲುವುದಿಲ್ಲ. ಎತ್ತರದ ಶಿಖರವೊಂದರಲ್ಲಿ ಮೌನವ್ರತಿಗಳಾಗಿರುವ ಗ್ರೇಬಿಯರ್ಡರು, ಎಂದರೆ ನರೆಗಡ್ಡದ ಮುನಿಗಳು, ಈ ಉಚ್ಚಾರವನ್ನು ಒಪ್ಪುವುದಿಲ್ಲ. ಆಲ್ಡುಯಿನನ ಆಳ್ವಿಕೆಯಲ್ಲಿ ನರಳಿದವರು ತಮ್ಮ ದ್ವೇಷವನ್ನೆಲ್ಲ ಅದರಲ್ಲಿ ತುಂಬಿದ್ದಾರೆ. ಕಲಿತವನು ಆ ದ್ವೇಷವನ್ನೂ ತನ್ನೊಳಕ್ಕೆ ತೆಗೆದುಕೊಂಡಂತೆ ಎಂದು ಅವರಲ್ಲೊಬ್ಬನಾದ ಆರ್ನ್‌ಗೇರ್ ಎಚ್ಚರಿಸುತ್ತಾನೆ. ಈ ಮುನಿಗಳ ಪಂಥವನ್ನು ಸ್ಥಾಪಿಸಿದ ಯುರ್ಗನ್ ವಿಂಡ್‌ಕಾಲರ್ ಯುದ್ಧದಲ್ಲಿ ಸೋತ ಮೇಲೆ ಏಳು ವರ್ಷ ಧ್ಯಾನಿಸಿ, ಮಾತು ಜಯಕ್ಕಾಗಿಯಲ್ಲ, ಆರಾಧನೆಗಾಗಿ ಎಂಬ ನಿರ್ಣಯಕ್ಕೆ ಬಂದವನು. ಹೀಗೆ ಒಂದೇ ವಿದ್ಯೆಗೆ ಎರಡು ದಾರಿಗಳು ಏರ್ಪಟ್ಟಿವೆ. ಒಂದು ದ್ವೇಷದಿಂದ ವೈರಿಗೆ ಸಾವನ್ನು ಕಲಿಸುವ ದಾರಿ, ಇನ್ನೊಂದು ಸಂಯಮದಿಂದ ತನ್ನನ್ನು ತಾನು ತಿದ್ದುವ ದಾರಿ. ನಾಯಕನು ಈ ಎರಡರ ನಡುವೆ ನಿಂತಿದ್ದಾನೆ.

೫

ನಾಯಕನೆಂದರೆ ಆಟಗಾರನೇ. ಅವನು 'ದೋವಾಕೀನ್', ಎಂದರೆ ಸರ್ಪಜಾತ. ಮನುಷ್ಯದೇಹದಲ್ಲಿ ಘಟಸರ್ಪದ ಆತ್ಮವನ್ನು ಹೊತ್ತವನು. ಮುನಿಗಳಿಗೆ ದೀರ್ಘಕಾಲದ ಸಾಧನೆಯಿಂದ ದೊರೆಯುವ ಪದ ಅವನಿಗೆ ಕ್ಷಣಮಾತ್ರದಲ್ಲಿ ದೊರೆಯುತ್ತದೆ. ಹೇಗೆಂದರೆ, ಅವನು ಕೊಂದ ಸರ್ಪದ ಆತ್ಮ ಅವನಲ್ಲಿ ಲೀನವಾಗುತ್ತದೆ, ಅದರೊಡನೆ ಅದರ ತಿಳಿವೂ ಬರುತ್ತದೆ. ಸಿಗುರ್ದನ ನಾಲಗೆಗೆ ತಾಕಿದ ರಕ್ತದ ಬಿಂದು ಇಲ್ಲಿ ಒಂದು ವಿಧಾನವೇ ಆಗಿದೆ.

ಇದರ ಒಂದು ಪರಿಣಾಮವನ್ನು ಗಮನಿಸಬೇಕು. ಸಾಮಾನ್ಯ ಯೋಧನ ಕೈಯಲ್ಲಿ ಸತ್ತ ಘಟಸರ್ಪವನ್ನು ಆಲ್ಡುಯಿನ್ ಮತ್ತೆ ಎಬ್ಬಿಸಬಲ್ಲ. ಸಮಾಧಿಯ ದಿಬ್ಬಗಳಿಂದ ಅವನು ತನ್ನ ಬಂಧುಗಳನ್ನು ಎಬ್ಬಿಸುವುದನ್ನು ಆಟಗಾರ ಕಣ್ಣಾರೆ ಕಾಣುತ್ತಾನೆ. ಸರ್ಪಜಾತನಿಂದ ಸತ್ತುದಕ್ಕೆ ಮರುಜೀವವಿಲ್ಲ. ಆದುದರಿಂದ ಘಟಸರ್ಪಗಳ ಪಾಲಿಗೆ ಅವನೇ ಮೂರ್ತಿವೆತ್ತ ಮೃತ್ಯು. ಮಾತಿನಿಂದ ಕಲಿಸಲಾಗದ ಅರ್ಥವನ್ನು ಅವನು ದೇಹದಿಂದ ಕಲಿಸುತ್ತಾನೆ. ಆದರೆ ಹಾಗೆ ಕಲಿಸುತ್ತಿರುವಾಗ ಅವನು ಮಾಡುತ್ತಿರುವುದೇನು? ಕಬಳಿಸುವುದು. ಲೋಕವನ್ನೇ ಕಬಳಿಸುವವನೆಂಬ ಬಿರುದು ಆಲ್ಡುಯಿನನದು. ಅವನನ್ನು ಎದುರಿಸಹೊರಟವನು ಪ್ರತಿಯೊಂದು ಜಯದಿಂದಲೂ ಅವನಂತೆಯೇ ಆಗುತ್ತಿದ್ದಾನೆ.

ಈ ಸಂದೇಹವನ್ನು ಬಲಪಡಿಸುವ ಇನ್ನೊಂದು ಸಂಗತಿ ಅಕ್ಷರದ ಗೋಡೆಗಳದು. ಪದಗಳು ದೊರೆಯುವುದು ಹಾಳುಗುಡಿಗಳಲ್ಲಿಯೂ ಶಿಖರಗಳಲ್ಲಿಯೂ ನಿಂತಿರುವ ಈ ಗೋಡೆಗಳಿಂದ. ಅವುಗಳ ಬರಹವನ್ನು ಬಿಡಿಸಿ ಓದಿದರೆ ಅವುಗಳಲ್ಲಿ ಅನೇಕವು ಸತ್ತವರ ಸ್ಮಾರಕಗಳೆಂದು ತಿಳಿಯುತ್ತದೆ. ಆಟದ ಆರಂಭದಲ್ಲಿ ಬರುವ ಬ್ಲೀಕ್ ಫಾಲ್ಸ್ ಎಂಬ ಸಮಾಧಿಗುಹೆಯ ಗೋಡೆ, ಸರ್ಪಶಿಲೆಯನ್ನು ಕಾಯುತ್ತಿದ್ದ ಕಾವಲುಗಾರನೊಬ್ಬ ಅಲ್ಲಿ ಮಲಗಿದ್ದಾನೆಂದೂ ಅವನು ನಿರಂತರವಾದ ರೋಷದ ಶಕ್ತಿಯೆಂದೂ ಹೇಳುತ್ತದೆ. ನಮ್ಮ ನಾಡಿನ ವೀರಗಲ್ಲುಗಳನ್ನು ಕಂಡವರಿಗೆ ಈ ಗೋಡೆಗಳ ಧ್ವನಿ ಅಪರಿಚಿತವಲ್ಲ. ಕಾಲಭೇದವಿಲ್ಲದ ಸರ್ಪಭಾಷೆಯಲ್ಲಿ ಮನುಷ್ಯರು ತಮ್ಮ ಮೃತರನ್ನು ನೆನೆದರು ಎಂಬುದೇ ಒಂದು ಕರುಣಾಜನಕವಾದ ಸನ್ನಿವೇಶ. ಸಾವನ್ನು ಅರಿಯದ ನುಡಿಗೆ ಅವರು ಸಾವಿನ ಕೆಲಸವನ್ನು ಹಚ್ಚಿದ್ದಾರೆ.

ಆಟಗಾರ ಏನು ಮಾಡುತ್ತಾನೆ? ಗೋಡೆಯ ಮೇಲೆ 'ಶಕ್ತಿ' ಎಂಬರ್ಥದ 'ಫುಸ್' ಎಂಬ ಒಂದೇ ಪದ ಅವನಿಗಾಗಿ ಬೆಳಗುತ್ತದೆ. ಅದನ್ನು ಪಡೆದು ಅವನು ಹೊರಡುತ್ತಾನೆ. ಉಳಿದ ಸಾಲು, ಆ ಮನುಷ್ಯನ ಹೆಸರು, ಅವನ ಬಾಳು, ಕತ್ತಲಲ್ಲಿಯೇ ಉಳಿಯುತ್ತದೆ. ಚರಮಗೀತದಿಂದ ಒಂದು ಪದವನ್ನು ಕಿತ್ತುಕೊಂಡು ಅದನ್ನು ಆಯುಧ ಮಾಡಿಕೊಂಡಂತಾಯಿತು. ರಚನಕಾರರು ಇದನ್ನು ವ್ಯಂಗ್ಯವಾಗಿಯೇ ಉದ್ದೇಶಿಸಿದ್ದರೆ ಅದು ಉತ್ಕೃಷ್ಟವಾದ ಧ್ವನಿ. ಆದರೆ ಸಾಲಿನ ಉಳಿದ ಭಾಗವನ್ನು ಓದಿದವನಿಗೂ ಓದದವನಿಗೂ ಆಟದಲ್ಲಿ ಯಾವ ವ್ಯತ್ಯಾಸವೂ ಇಲ್ಲ. ಧ್ವನಿಗೆ ಅವಕಾಶವಿದೆ, ಅದನ್ನು ಗ್ರಹಿಸಿದ ಸಹೃದಯನಿಗೆ ಆಟ ಓಗೊಡುವುದಿಲ್ಲ.

೬

ಆಲ್ಡುಯಿನನ ಪಾತ್ರದಲ್ಲಿ ಭಾರತೀಯ ವಾಚಕರಿಗೆ ವಿಶೇಷವಾದ ಒಂದು ಕುತೂಹಲವಿದೆ. ಮೇಲ್ನೋಟಕ್ಕೆ ಅವನು ಉತ್ತರ ಯೂರೋಪಿನ ಯುಗಾಂತ್ಯದ ಕಥೆಗಳ ಸರ್ಪಗಳ ವಂಶದವನು. ಆದರೆ ಅವನು ಅಂತ್ಯಗೊಳಿಸಬೇಕಾದ ಕಾಲಾವಧಿಗೆ ಈ ಕಥಾಲೋಕ ಕೊಟ್ಟಿರುವ ಹೆಸರು ಸಂಸ್ಕೃತದ 'ಕಲ್ಪ' ಎಂಬ ಪದವೇ. ಈ ಲೋಕವನ್ನು ಏಕೆ ಉಳಿಸಬೇಕು ಎಂದು ಪಾರ್ಥುರ್ನಾಕ್ಸ್ ನಾಯಕನನ್ನು ಕೇಳುತ್ತಾನೆ. ಇದು ಮುಂದಿನ ಕಲ್ಪದ ಮೊಟ್ಟೆಯಾಗಿರಬಹುದಲ್ಲವೆ, ಹುಟ್ಟಬೇಕಾದ ಲೋಕವನ್ನು ನೀನು ತಡೆಯುವೆಯಾ ಎಂಬುದು ಅವನ ಮಾತಿನ ತಾತ್ಪರ್ಯ. ಬ್ರಹ್ಮಾಂಡ, ಕಲ್ಪ, ಪ್ರಲಯ ಎಂಬ ಕಲ್ಪನೆಗಳಲ್ಲಿ ಬೆಳೆದವರಿಗೆ ಇದು ದೂರದ ಪ್ರಶ್ನೆಯಲ್ಲ.

ಈ ದೃಷ್ಟಿಯಿಂದ ನೋಡಿದರೆ ಆಲ್ಡುಯಿನನ ಅಪರಾಧ ಲೋಕವನ್ನು ನುಂಗಹೊರಟುದಲ್ಲ. ಅದು ಅವನ ನಿಯೋಗ. ನುಂಗುವುದಕ್ಕಾಗಿಯೇ ಅವನು ಇರುವನು. ಆ ನಿಯೋಗವನ್ನು ಬಿಟ್ಟು ಲೋಕವನ್ನು ಆಳಹೊರಟುದು, ಮನುಷ್ಯರಿಂದ ಪೂಜೆಯನ್ನು ಬಯಸಿದುದು ಅವನ ಅಪರಾಧ. ಕಾಲದ ಅಂತ್ಯವಾಗಬೇಕಾದವನು ಕಾಲದೊಳಗೆ ಅರಸನಾಗಲು ಆಸೆಪಟ್ಟನು. ಅವನಿಗೆ ದೊರೆತ ಶಿಕ್ಷೆಯೂ ಕಾಲದಿಂದಲೇ. ಹಿಂದಿನ ಯುದ್ಧದಲ್ಲಿ ಮೂವರು ವೀರರು ಅವನನ್ನು ಕೊಲ್ಲಲಾರದೆ ಎಲ್ಡರ್ ಸ್ಕ್ರೋಲ್ ಎಂಬ ಸುರುಳಿಯ ಬಲದಿಂದ ಕಾಲಪ್ರವಾಹದಲ್ಲಿ ಮುಂದಕ್ಕೆ ಎಸೆದುಬಿಟ್ಟರು. ಅವನು ಬಂದು ಬಿದ್ದುದು ನಾಯಕನ ಕಾಲದಲ್ಲಿ. ಕಡೆಯಲ್ಲಿ ಅವನು ಸೋತಾಗಲೂ ಅವನ ಆತ್ಮ ನಾಯಕನಿಗೆ ಲಭಿಸುವುದಿಲ್ಲ. ಕಲ್ಪಾಂತ್ಯದಲ್ಲಿ ಅವನು ಮತ್ತೆ ಬರಬಹುದೆಂಬ ಸೂಚನೆಯನ್ನು ಕಥೆ ತೆರೆದಿಟ್ಟಿದೆ. ಎಲ್ಲವನ್ನೂ ಕಬಳಿಸುತ್ತ ಬಂದ ನಾಯಕನಿಗೆ ಕಬಳಿಸಲಾಗದುದೂ ಒಂದಿದೆ ಎಂಬ ಈ ಸಂಯಮ ಕಥೆಗೆ ಘನತೆ ತಂದಿದೆ. ಸೋದರನ ಸೋಲನ್ನು ಕೇಳಿದ ಪಾರ್ಥುರ್ನಾಕ್ಸ್ ಅದು ಆಗಬೇಕಾದುದೇ ಎಂದು ಒಪ್ಪುತ್ತಾನಾದರೂ ಸಂತೋಷಪಡುವುದಿಲ್ಲ. ಜಯದ ಗಳಿಗೆಯಲ್ಲಿ ಶೋಕಕ್ಕೂ ಸ್ಥಳವಿರಬೇಕೆಂಬುದನ್ನು ಬಲ್ಲ ಕಥೆ ಇದು.

೭

ಕೃತಿಯ ತಿರುಳು ಪಾರ್ಥುರ್ನಾಕ್ಸನ ಪಾತ್ರದಲ್ಲಿದೆ. ಅವನ ಹೆಸರಿನ ಅರ್ಥವನ್ನು ಮೇಲೆ ಕಂಡಿದ್ದೇವೆ. ಒಮ್ಮೆ ಆಲ್ಡುಯಿನನ ಬಲಗೈಯಾಗಿ ಹೆಸರಿಗೆ ತಕ್ಕ ಕ್ರೌರ್ಯವನ್ನು ನಡೆಸಿದವನು ಅವನು. ಈಗ ಶಿಖರದ ತುದಿಯಲ್ಲಿ ಧ್ಯಾನಿಯಾಗಿ, ಮುನಿಗಳಿಗೆ ಗುರುವಾಗಿ ಇದ್ದಾನೆ. ಆದರೆ ಅವನ ಸ್ವಭಾವ ಅಳಿದಿಲ್ಲ. ಹುಟ್ಟುಗುಣದ ಸೆಳೆತವಿಲ್ಲದೆ ಒಂದು ದಿನವೂ ಕಳೆಯುವುದಿಲ್ಲವೆಂದೂ ತಾನಾಗಿದ್ದರೆ ಇನ್ನೊಂದು ಘಟಸರ್ಪವನ್ನು ನಂಬುತ್ತಿರಲಿಲ್ಲವೆಂದೂ ಅವನೇ ಹೇಳುತ್ತಾನೆ. ಒಳ್ಳೆಯವನಾಗಿ ಹುಟ್ಟುವುದು ಮೇಲೊ, ಕೆಟ್ಟ ಸ್ವಭಾವವನ್ನು ಪ್ರಯಾಸದಿಂದ ಗೆಲ್ಲುವುದು ಮೇಲೊ ಎಂಬುದು ಅವನು ನಾಯಕನ ಮುಂದಿಡುವ ಪ್ರಶ್ನೆ.

ಈ ಪ್ರಶ್ನೆಯ ಬಲ ಹಿಂದೆ ವಿವರಿಸಿದ ಭಾಷೆಯ ಕಲ್ಪನೆಯಿಂದ ಬಂದಿದೆ. ಹೆಸರೇ ಸ್ವರೂಪವಾಗಿರುವ ಲೋಕದಲ್ಲಿ ಸ್ವಭಾವವನ್ನು ಗೆಲ್ಲುವುದೆಂದರೆ ತನ್ನ ಹೆಸರಿನ ವಿರುದ್ಧವಾಗಿ ಬದುಕುವುದು. ಬದಲಾವಣೆಗೆ ಕಾಲ ಬೇಕು. ದಿನದಿನದ ಪ್ರಯತ್ನ ಬೇಕು. ನಿನ್ನೆಗಿಂತ ಇಂದು ಬೇರೆಯೆಂಬ ಭೇದ ಬೇಕು. ಕಾಲಭೇದವಿಲ್ಲದ ನುಡಿಯ ಜೀವಿ ಇಂದು ಕಾಲದೊಳಕ್ಕೆ ಇಳಿದಿದೆ. ಡ್ರ್ಯಾಗನ್‌ರೆಂಡ್ ದ್ವೇಷದಿಂದ ಒಂದು ಕ್ಷಣ ಕಲಿಸುವುದನ್ನು ಪಾರ್ಥುರ್ನಾಕ್ಸ್ ಸಂಯಮದಿಂದ ಬಹುಕಾಲ ಕಲಿತಿದ್ದಾನೆ. ಮರ್ತ್ಯತೆಯ ಪದ ತನಗೆ ತಿಳಿಯದೆಂದು ಹೇಳುವವನೇ ಮರ್ತ್ಯರ ಸಾಧನೆಯನ್ನು ತನ್ನದಾಗಿ ಮಾಡಿಕೊಂಡಿರುವುದು ಈ ಪಾತ್ರದ ರಮಣೀಯವಾದ ವಿರೋಧ.

ಪ್ರಶ್ನೆ ಅವನಿಗಿಂತ ಹೆಚ್ಚಾಗಿ ನಾಯಕನದು. ಸರ್ಪದ ಆತ್ಮವನ್ನು ಹೊತ್ತು, ಸರ್ಪದಂತೆ ಕಬಳಿಸುತ್ತ ಬಂದವನು ಅವನಲ್ಲವೆ? ಪಾರ್ಥುರ್ನಾಕ್ಸನನ್ನು ಕುರಿತ ತೀರ್ಪು ತನ್ನನ್ನು ಕುರಿತ ತೀರ್ಪೂ ಆಗುತ್ತದೆ.

ಈ ಘಟ್ಟದಲ್ಲಿ ಬ್ಲೇಡ್ಸ್ ಎಂಬ ಸರ್ಪವೈರಿಗಳ ಪಂಗಡ ನಾಯಕನ ಮುಂದೆ ಒಂದು ಬೇಡಿಕೆಯನ್ನಿಡುತ್ತದೆ. ಆ ಪಂಗಡದ ಡೆಲ್ಫೀನ್ ಮತ್ತು ಎಸ್ಬರ್ನ್ ಇಬ್ಬರೂ ಪಾರ್ಥುರ್ನಾಕ್ಸ್ ಪೂರ್ವಾಪರಾಧಿ, ಅವನನ್ನು ಕೊಲ್ಲಬೇಕು, ಅಲ್ಲಿಯವರೆಗೆ ನಮ್ಮ ನೆರವಿಲ್ಲ ಎನ್ನುತ್ತಾರೆ. ಅವರ ವಾದವೂ ಪೊಳ್ಳಲ್ಲ. ಸತ್ತವರಿಗೆ ನ್ಯಾಯ ಸಲ್ಲಬೇಡವೆ, ಪಶ್ಚಾತ್ತಾಪದಿಂದ ಹಳೆಯ ಕೊಲೆಗಳು ಅಳಿಯುವುವೆ ಎಂಬ ಪ್ರಶ್ನೆಗಳು ಅದರ ಹಿಂದೆ ಇವೆ. ಎರಡು ನ್ಯಾಯಗಳು ಎದುರುಬದುರಾಗಿ ನಿಂತ ಈ ಸನ್ನಿವೇಶ ಯಾವ ನಾಟಕಕಾರನಿಗೂ ಸುವರ್ಣಾವಕಾಶ.

ಆದರೆ ನಾಯಕನಿಗೆ ಇಲ್ಲಿ ಮಾತಿಲ್ಲ. ಕೊಲ್ಲಬಹುದು, ಕೊಂದರೆ ಗ್ರೇಬಿಯರ್ಡರು ನೆರವನ್ನು ನಿಲ್ಲಿಸುತ್ತಾರೆ. ಕೊಲ್ಲದಿರಬಹುದು, ಆಗ ಬ್ಲೇಡ್ಸ್ ದೂರವಾಗುತ್ತಾರೆ, ಕೊಲೆಯ ಕಾರ್ಯ ಅವನ ಪಟ್ಟಿಯಲ್ಲಿ ಅಪೂರ್ಣವೆಂದು ಉಳಿಯುತ್ತದೆ. ಡೆಲ್ಫೀನಳೊಡನೆ ವಾದಿಸಿ ಅವಳ ಮನಸ್ಸನ್ನು ತಿರುಗಿಸುವ ಮಾರ್ಗವಿಲ್ಲ. ಘಟಸರ್ಪಗಳು ವಾದವನ್ನೇ ಯುದ್ಧವಾಗಿ ನಡೆಸುವ ಲೋಕದಲ್ಲಿ, ಬೆಟ್ಟಗಳನ್ನು ನಡುಗಿಸುವ ಮಾತನ್ನು ಕಲಿತವನಿಗೆ ಒಬ್ಬ ಮನುಷ್ಯಳಿಗೆ ಉತ್ತರ ಹೇಳಲು ಒಂದು ವಾಕ್ಯವನ್ನು ಒದಗಿಸಿಲ್ಲ. ನೈತಿಕ ಸಂಕಟ ಯಾರ ನೆರವು ಹೋಗುತ್ತದೆ, ಯಾರದು ಉಳಿಯುತ್ತದೆ ಎಂಬ ಲೆಕ್ಕಕ್ಕೆ ಇಳಿಯಿತು. ಈ ಕೊರತೆಯನ್ನು ಆಟಗಾರರು ಒಡನೆ ಗುರುತಿಸಿದರೆಂಬುದಕ್ಕೆ, ಡೆಲ್ಫೀನಳಿಗೆ ಎದುರುತ್ತರ ಕೊಡುವ ಅವಕಾಶವನ್ನು ಕಲ್ಪಿಸುವ ಸೇರ್ಪಡೆಯನ್ನು ಆಟಗಾರರ ವಲಯದಲ್ಲಿಯೇ ರಚಿಸಿಕೊಂಡುದು 'ಪ್ರಕ್ಷೇಪ'ದ ರೂಪದ ಸಾಕ್ಷ್ಯವಾಗಿದೆ.

ಇದಕ್ಕೊಂದು ಸಮಾಧಾನವನ್ನು ಹೇಳಬಹುದು. ಮುನಿಗಳು ಮೌನಿಗಳಲ್ಲವೆ? ನಾಯಕನ ಮೌನವೂ, ಪೂರ್ಣಗೊಳ್ಳದೆ ಉಳಿದ ಆ ಕಾರ್ಯವೂ ಒಂದು ಉತ್ತರವಲ್ಲವೆ? ವಾದ ಆಕರ್ಷಕವಾಗಿದೆ, ಆದರೆ ಒಪ್ಪುವಂತಿಲ್ಲ. ಮುನಿಗಳ ಮೌನ ಮಾತಿನ ತುಂಬುವಿಕೆಯಿಂದ ಬಂದುದು; ಅವರು ಬಾಯಿ ತೆರೆದರೆ ಕಟ್ಟಡ ನಡುಗುತ್ತದೆಂಬ ಕಾರಣದಿಂದ ಅವರು ಸುಮ್ಮನಿದ್ದಾರೆ. ನಾಯಕನ ಮೌನ ಬರೆಯದೆ ಬಿಟ್ಟುದರಿಂದ ಬಂದುದು. ಒಂದು ಸಂಯಮ, ಇನ್ನೊಂದು ಅಭಾವ. ಕ್ಷೇಮೇಂದ್ರನು ಔಚಿತ್ಯವನ್ನು ಕಾವ್ಯದ ಜೀವಿತವೆಂದು ಕರೆದನು. ಕಥೆಯ ಬೇರೆ ಬೇರೆ ಅಂಗಗಳು ಅಂಗಿಗೆ ಒಪ್ಪುವಂತಿರಬೇಕೆಂಬುದು ಅದರ ಸಾರ. ಮಾತಿನ ಮಹಿಮೆಯೇ ಅಂಗಿಯಾಗಿರುವ ಕೃತಿಯಲ್ಲಿ ಮುಖ್ಯ ಸನ್ನಿವೇಶ ಮಾತಿಲ್ಲದೆ ಮುಗಿಯುವುದು ಔಚಿತ್ಯಭಂಗ.

೮

ದೋಷವನ್ನು ಇಷ್ಟು ವಿಸ್ತಾರವಾಗಿ ಹೇಳಿದುದಕ್ಕೆ ಕಾರಣ ಗುಣದ ಹಿರಿಮೆಯೇ. ಸಾಮಾನ್ಯವಾದ ಕೃತಿಯಲ್ಲಿ ಇಂತಹ ಕೊರತೆ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ೨೦೨೩ರ ಹೊತ್ತಿಗೆ ಆರು ಕೋಟಿಗೂ ಹೆಚ್ಚು ಪ್ರತಿಗಳು ಮಾರಾಟವಾಗಿದ್ದುವೆಂದು ನಿರ್ದೇಶಕರು ಹೇಳಿದ ಈ ಆಟ, ನಮ್ಮ ಕಾಲದ ಬಹುಸಂಖ್ಯೆಯ ತರುಣರಿಗೆ ಘಟಸರ್ಪವೆಂದರೇನು ಎಂಬ ಕಲ್ಪನೆಯನ್ನು ಕೊಟ್ಟಿದೆ. ಅವರಲ್ಲಿ ನಮ್ಮ ಕಾಲೇಜುಗಳ ವಿದ್ಯಾರ್ಥಿಗಳೂ ಇದ್ದಾರೆ. ಅವರು ಅದರಲ್ಲಿ ಕೇವಲ ಬೇಟೆಯನ್ನು ಕಂಡರೆ ಅರ್ಧವನ್ನು ಕಂಡಂತೆ. ಪದ ಗೊತ್ತಿದ್ದೂ ಅರ್ಥ ತಿಳಿಯದಿರುವುದು, ಅರ್ಥ ತಿಳಿಯಲು ತನ್ನ ಸಾವನ್ನು ಒಪ್ಪಿಕೊಳ್ಳಬೇಕಾಗುವುದು, ಹುಟ್ಟಿನಿಂದ ಬಂದ ಹೆಸರಿಗೆ ವಿರುದ್ಧವಾಗಿ ಬಾಳುವುದು ಇವು ಅದರೊಳಗೆ ಹುದುಗಿರುವ ವಸ್ತುಗಳು. ಅವುಗಳನ್ನು ಎತ್ತಿತೋರಿಸುವುದು ಅಧ್ಯಾಪಕರ ಕೆಲಸ.

ಪಾರ್ಥುರ್ನಾಕ್ಸ್ ತನ್ನ ಬಂಧುಗಳಿಗೆ ಸಂಯಮದ ಮಾರ್ಗವನ್ನು ಬೋಧಿಸಲು ಹೊರಟಾಗ ಓದಾವೀಂಗ್, ಆಲ್ಡುಯಿನನ ದಬ್ಬಾಳಿಕೆಯನ್ನು ಕಳೆದುಕೊಂಡವರು ಈ ಮಾರ್ಗದ ದಬ್ಬಾಳಿಕೆಯನ್ನು ಬಯಸುವರೆ ಎಂದು ಸಂಶಯ ಪಡುತ್ತಾನೆ. ಸದುದ್ದೇಶದ ಬೋಧನೆಯೂ ಒಡೆತನವಾಗಬಲ್ಲದು ಎಂಬ ಈ ಎಚ್ಚರವನ್ನು ಒಂದು ಘಟಸರ್ಪದ ಬಾಯಿಂದ ಆಡಿಸಿದವರು, ಮನುಷ್ಯನ ಬಾಯಿಗೂ ಅಷ್ಟೇ ತೂಕದ ಒಂದು ಮಾತನ್ನು ಕೊಡಬಲ್ಲವರಾಗಿದ್ದರು. ಗಡಿಗೆಯಲ್ಲಿ ಸರ್ಪವನ್ನಿಟ್ಟು ಅವರು ಪರೀಕ್ಷೆಯನ್ನು ಸಮರ್ಥವಾಗಿ ಸಜ್ಜುಗೊಳಿಸಿದರು. ಕೈಯಿಡಬೇಕಾದವನಿಗೆ ಆಡಬೇಕಾದ ಮಾತನ್ನು ಮಾತ್ರ ಕೊಡಲಿಲ್ಲ.